ಅಮೆರಿಕದಲ್ಲಿ 9 ಎಂಎಂ ಕಾರ್ಬೈನ್ (ಗಿಡ್ಡ ರೈಫಲ್) ಅನ್ನು ಮನೆಯಲ್ಲೇ ಜೋಡಿಸಬಹುದಾ? ಎಚ್-1ಬಿ ವೀಸಾದವರಿಗೂ ಅವಕಾಶ ಇದೆಯಾ?

ವೀಸಾದಲ್ಲಿದ್ದರೆ ದಯವಿಟ್ಟು ಕೈ ಹಾಕಬೇಡಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದೇ ಅಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ. ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿ ಹೋಗಬೇಡಿ.

ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಸಾಮಾನ್ಯವಾಗಿ ಸ್ವಂತ ಬಳಕೆಗೆ ಮಾಡಿಕೊಳ್ಳಲು ಅವಕಾಶ ಇದೆ. ಮಾಡಿ ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕೇ ಬೇಕು. ಹೆಚ್ಚಿನ ಹವ್ಯಾಸಿಗಳು ಕಬ್ಬಿಣ ಕೊರೆಯುವುದಿಲ್ಲ, ಕೊಂಡ ಬಿಡಿಭಾಗ ಜೋಡಿಸುತ್ತಾರೆ ಅಷ್ಟೇ. ಇಲ್ಲೊಂದು ಸ್ವಾರಸ್ಯ ನೋಡಿ. ನಳಿಗೆ, ಸ್ಪ್ರಿಂಗ್, ಟ್ರಿಗರ್ ಯಾವುದೂ ಕಾನೂನಿನ ಕಣ್ಣಲ್ಲಿ ಬಂದೂಕಲ್ಲ. ಅಂಗೈಯಷ್ಟಗಲದ ಒಂದು ಚೌಕಟ್ಟು, ಅಂದರೆ ರಿಸೀವರ್, ಅದೇ ಬಂದೂಕು! ಸೀರಿಯಲ್ ನಂಬರ್ ಕೆತ್ತಿರುವುದೂ ಅದರ ಮೇಲೇ. ಡೀಲರ್ ಹತ್ತಿರ ಫಾರಂ 4473 (ಬಂದೂಕು ಖರೀದಿಯ ಸರ್ಕಾರಿ ಅರ್ಜಿ) ತುಂಬಿ, ಹಿನ್ನೆಲೆ ತಪಾಸಣೆ ಆದಮೇಲೆ ಅದು ಕೈಗೆ ಬರುತ್ತದೆ.

ಜಾಸ್ತಿ ಜನ ಎಡವುವುದು ನಳಿಗೆಯ ಅಳತೆಯಲ್ಲಿ. ಭುಜಕ್ಕೆ ಒತ್ತುವ ಹಿಡಿ ಇದ್ದು ನಳಿಗೆ 16 ಇಂಚಿಗಿಂತ ಗಿಡ್ಡವಾದರೆ 1934ರ ಫೆಡರಲ್ ಬಂದೂಕು ಕಾಯ್ದೆಯ (ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್) ಕೆಳಗೆ ಮೊದಲೇ ಅನುಮತಿ ಪಡೆಯಬೇಕು. ಅನುಮತಿ ಇಲ್ಲದೆ ಸುಮ್ನೆ ಒಂದು ಭಾಗ ಬದಲಿಸಿ ಬಂದೂಕು ಹೀಗಾದರೂ ಜೈಲು ಪಾಲಾಗಬಹುದು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ನಿಯಮ ಇನ್ನೂ ಬಿಗಿ.

ಊರಿಗೆ ಬಂದಾಗ ಇದನ್ನು ಮಾಡುವ ಯೋಚನೆಯೇ ಬೇಡ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಜೈಲು. ಕೊಡವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತಯಾರಿಸುವುದಕ್ಕಲ್ಲ.