ಅಳಿಸುವ ಗುಂಡಿಯಿಂದ ಕೈ ದೂರವಿರಲಿ

ಜಾಲತಾಣದ ಕಾರ್ಯಕ್ರಮ ಕ್ಯಾಲೆಂಡರ್ ಕುರಿತು ಬರುವ ಪತ್ರಗಳಲ್ಲಿ ಹೊಸ ಪ್ರಶ್ನೆ ಅಪರೂಪ. ಅದೇ ಕೆಲವು ಪ್ರಶ್ನೆಗಳು ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಈ ಸಲ ಅವನ್ನು ಒಟ್ಟಿಗೇ ತೀರಿಸಿಬಿಡುತ್ತೇನೆ. ನಮೂದು ಸೇರಿಸುವುದು ಹೇಗೆ, ಚಿತ್ರ ಹಾಕುವುದು ಹೇಗೆ ಎಂಬುದನ್ನು ಇಲ್ಲಿ ಹುಡುಕಬೇಡಿ. ಅದಕ್ಕೆ ನಿಮ್ಮ ತಂತ್ರಾಂಶದ ಕೈಪಿಡಿ ಇದೆ. ಯಾರೂ ಓದಿರುವುದಿಲ್ಲ, ಅಷ್ಟೇ.

ಪ್ರಶ್ನೆ: ನಮ್ಮ ಸಂಘದ ಉಪನ್ಯಾಸವನ್ನು ಒಂದು ವಾರ ಮುಂದೂಡಿದೆವು. ಕ್ಯಾಲೆಂಡರ್‌ನಲ್ಲಿ ಹಳೆಯ ನಮೂದನ್ನು ಅಳಿಸಿ, ಹೊಸ ದಿನಾಂಕಕ್ಕೆ ಇನ್ನೊಂದನ್ನು ಸೇರಿಸಿದೆವು. ಆದರೂ ಹಲವರು ಹಳೆಯ ದಿನವೇ ಬಂದು ಬೀಗ ನೋಡಿ ವಾಪಸಾದರು. ಕೆಲವರ ಮೊಬೈಲಿನಲ್ಲಿ ಎರಡೂ ದಿನಾಂಕಗಳು ಕಾಣುತ್ತಿವೆಯಂತೆ. ಇದು ಕ್ಯಾಲೆಂಡರ್ ತೋರಿಸಲು ತಾಣಕ್ಕೆ ಜೋಡಿಸಿರುವ ಪುಟ್ಟ ತಂತ್ರಾಂಶದ, ಅಂದರೆ ಪ್ಲಗಿನ್‌ನ, ದೋಷವೇ?

ಅಲ್ಲ. ನೀವು ಒತ್ತಿದ ‘ಅಳಿಸು’ ಗುಂಡಿಯ ದೋಷ. ಕ್ಯಾಲೆಂಡರ್ ನೋಡಿಕೊಳ್ಳುವವರು ತಮಗರಿವಿಲ್ಲದೆ ಮಾಡುವ ಹಾನಿಯಲ್ಲಿ ದೊಡ್ಡ ಪಾಲು ಈ ಗುಂಡಿಯಿಂದಲೇ ಆಗುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮ್ಮ ಪುಟದಲ್ಲಿರುವ ದಿನಾಂಕ ನಿಮ್ಮ ಹಿಡಿತದಲ್ಲಿದೆ, ನಿಜ. ಆದರೆ ಪ್ರಕಟಿಸಿದ ಕ್ಷಣದಿಂದಲೇ ಅದರ ಪ್ರತಿಗಳು ಹೊರಗೆ ಓಡಾಡತೊಡಗುತ್ತವೆ. ಒಬ್ಬರು ‘ಕ್ಯಾಲೆಂಡರ್‌ಗೆ ಸೇರಿಸಿ’ ಎಂಬುದನ್ನು ಒತ್ತಿ ಮೊಬೈಲಿಗೆ ಇಳಿಸಿಕೊಂಡಿರುತ್ತಾರೆ. ಇನ್ನೊಬ್ಬರು ಸ್ನೇಹಿತರಿಗೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿರುತ್ತಾರೆ. ಹುಡುಕುತಾಣಗಳು ತಮ್ಮ ಪಾಡಿಗೆ ಒಂದು ಪ್ರತಿ ಇಟ್ಟುಕೊಂಡಿರುತ್ತವೆ. ನೀವು ಅಳಿಸಿದ್ದು ಮೂಲವನ್ನು ಮಾತ್ರ. ಈಗ ಅನುಮಾನ ಬಂದ ಒಬ್ಬರು ಕಾರ್ಯಕ್ರಮ ಇದೆಯೋ ಇಲ್ಲವೋ ಎಂದು ನೋಡಲು ಹಳೆಯ ಲಿಂಕ್ ತೆರೆಯುತ್ತಾರೆ. ಸಿಗುವುದು ‘ಪುಟ ಕಂಡುಬಂದಿಲ್ಲ’ ಎಂಬ 404. ಉಪನ್ಯಾಸ ಮುಂದಕ್ಕೆ ಹೋಗಿದೆ ಎಂಬ ಊಹೆ ಅದರಿಂದ ಯಾರಿಗೂ ಬರುವುದಿಲ್ಲ. ಜಾಲತಾಣ ಕೆಟ್ಟಿದೆ ಎಂದುಕೊಳ್ಳುತ್ತಾರೆ, ಮೊಬೈಲಿನಲ್ಲಿರುವ ಹಳೆಯ ದಿನಾಂಕವನ್ನೇ ನಂಬಿ ಹೊರಡುತ್ತಾರೆ. ನಿಮ್ಮ ಬೀಗ ನೋಡಿದವರಲ್ಲಿ ಇಂಥವರೂ ಇದ್ದಿರಬೇಕು; ಅವರು ವಿಚಾರಿಸದೆ ಬಂದವರಲ್ಲ, ವಿಚಾರಿಸಿಯೇ ಬಂದವರು.

ಇನ್ನು ಎರಡೆರಡು ದಿನಾಂಕದ ಸಂಗತಿ. ಕ್ಯಾಲೆಂಡರ್ ಆ್ಯಪ್‌ಗಳು ಪರಸ್ಪರ ಮಾತನಾಡುವುದು ಐಕ್ಯಾಲೆಂಡರ್ ಎಂಬ ಮಾನದಂಡದಲ್ಲಿ. 1998ರಲ್ಲಿ ಬಂದ ಅದು 2009ರಲ್ಲಿ ಆರ್‌ಎಫ್‌ಸಿ 5545 (ಅಂತರಜಾಲ ಮಾನದಂಡಗಳ ದಾಖಲೆ ಸಂಖ್ಯೆ) ಆಗಿ ಪರಿಷ್ಕರಣೆಗೊಂಡಿತು. ಅದರ ಪ್ರಕಾರ ಪ್ರತಿ ಕಾರ್ಯಕ್ರಮಕ್ಕೂ ಯುಐಡಿ ಎಂಬ ವಿಶಿಷ್ಟ ಗುರುತು ಕಡ್ಡಾಯ. ಶೀರ್ಷಿಕೆ, ದಿನ, ಸಭಾಂಗಣ, ಭಾಷಣಕಾರರು ಎಲ್ಲವೂ ಬದಲಾಗಬಹುದು, ಯುಐಡಿ ಬದಲಾಗಬಾರದು. ‘ಇದು ಹೊಸ ಕಾರ್ಯಕ್ರಮವಲ್ಲ, ಹಳೆಯದರ ತಿದ್ದುಪಡಿ’ ಎಂದು ಆ್ಯಪ್‌ಗೆ ತಿಳಿಯುವುದು ಅದರಿಂದಲೇ. ಜತೆಗೆ ಸೀಕ್ವೆನ್ಸ್ ಎಂಬ ಸಂಖ್ಯೆಯೊಂದಿದೆ: ಸೊನ್ನೆಯಿಂದ ಶುರುವಾಗಿ, ಮಹತ್ವದ ತಿದ್ದುಪಡಿಯಾದಾಗಲೆಲ್ಲ ಏರುತ್ತದೆ. ನೀವು ಹಳೆಯದನ್ನು ಅಳಿಸಿ ಹೊಸದನ್ನು ಬರೆದಾಗ ಹೊಸ ಯುಐಡಿ ಹುಟ್ಟಿತು. ಎರಡನ್ನೂ ಇಳಿಸಿಕೊಂಡವರ ಮೊಬೈಲಿಗೆ ಅವು ಸಂಬಂಧವೇ ಇಲ್ಲದ ಎರಡು ಉಪನ್ಯಾಸಗಳು. ಅದು ಎರಡನ್ನೂ ತೋರಿಸಿತು, ಎರಡಕ್ಕೂ ಗಂಟೆ ಬಾರಿಸಿತು. ಮೊಬೈಲಿನ ತಪ್ಪೇನು?

ಪ್ಲಗಿನ್ ಮೇಲೆ ನಿಮಗೆ ಅನುಮಾನ ಇದ್ದೇ ಇದ್ದರೆ ಪರೀಕ್ಷೆ ಸುಲಭ. ಒಂದೇ ಕಾರ್ಯಕ್ರಮದ ಐಸಿಎಸ್ ಫೈಲನ್ನು, ಅಂದರೆ ‘ಕ್ಯಾಲೆಂಡರ್‌ಗೆ ಸೇರಿಸಿ’ ಒತ್ತಿದಾಗ ಇಳಿಯುವ ಫೈಲನ್ನು, ಎರಡು ಸಲ ಇಳಿಸಿಕೊಳ್ಳಿ, ನಡುವೆ ಸಮಯವನ್ನು ಅರ್ಧ ಗಂಟೆ ತಿದ್ದಿ. ಎರಡನ್ನೂ ಸಾಧಾರಣ ನೋಟ್‌ಪ್ಯಾಡ್‌ನಲ್ಲಿ ತೆರೆದು ಯುಐಡಿ ಸಾಲುಗಳನ್ನು ಹೋಲಿಸಿ. ಅಕ್ಷರಶಃ ಒಂದೇ ಇರಬೇಕು. ಇಲ್ಲದಿದ್ದರೆ ಆ ಪ್ಲಗಿನ್ ಅನ್ನು ಅಂದೇ ಕಿತ್ತುಹಾಕಿ. ಅದರ ಬಣ್ಣ ಎಷ್ಟೇ ಚೆನ್ನಾಗಿರಲಿ.

ಹಾಗಾದರೆ ಮುಂದೂಡಿದಾಗ ಏನು ಮಾಡಬೇಕಿತ್ತು? ಹೊಸ ದಿನಾಂಕ ಗೊತ್ತಿದ್ದರೆ ಅದೇ ನಮೂದನ್ನು ತೆರೆದು ದಿನಾಂಕ ತಿದ್ದಬೇಕು, ವಿವರಣೆಯ ಮೊದಲ ಸಾಲಿನಲ್ಲೇ ಹಳೆಯ ದಿನಾಂಕವನ್ನೂ ಹೊಸದನ್ನೂ ಬರೆಯಬೇಕು. ಗೊತ್ತಿಲ್ಲದಿದ್ದರೆ ಹಳೆಯ ದಿನಾಂಕವನ್ನು ಹಾಗೆಯೇ ಬಿಟ್ಟು ‘ಮುಂದೂಡಲಾಗಿದೆ’ ಎಂದು ಗುರುತಿಸಬೇಕು. ಸದ್ಯಕ್ಕಿರಲಿ ಎಂದು ಡಿಸೆಂಬರ್ 31ಕ್ಕೆ ತಳ್ಳುವವರಿದ್ದಾರೆ. ಆ ದಿನವೂ ಯಾರಾದರೂ ಬಂದು ನಿಲ್ಲುತ್ತಾರೆ. ರದ್ದಾದರೆ ‘ರದ್ದು’ ಎಂಬ ಸ್ಥಿತಿ ಕೊಡಿ, ಅದೇ ಪದವನ್ನು ಶೀರ್ಷಿಕೆಯ ಮೊದಲಿಗೂ ಹಾಕಿ. ಎರಡು ಕಡೆ ಯಾಕೆಂದರೆ, ಹಲವು ಆ್ಯಪ್‌ಗಳು ಸ್ಥಿತಿಯನ್ನು ತೋರಿಸುವ ಗೋಜಿಗೇ ಹೋಗುವುದಿಲ್ಲ. ತಿಂಗಳ ನೋಟದಲ್ಲಿ ಕಾಣುವುದು ಶೀರ್ಷಿಕೆಯ ಮೊದಲ ಒಂದೆರಡು ಪದ ಮಾತ್ರ. ‘ವಾರ್ಷಿಕ ವಿಶೇಷ ಉಪನ್ಯಾಸ ಮಾಲಿಕೆ (ರದ್ದು)’ ಎಂದು ಬರೆದರೆ ಕಂಸದೊಳಗಿನದನ್ನು ನೀವೊಬ್ಬರೇ ಓದುತ್ತೀರಿ.

ಹುಡುಕುತಾಣಗಳಿಗೂ ಇದೇ ನಿಯಮ. ಪುಟದ ಮಾಹಿತಿಯನ್ನು ಹುಡುಕುತಾಣಗಳಿಗೆ ಅರ್ಥವಾಗುವಂತೆ ಗುರುತಿಸಲು ಬಳಸುವ ಸ್ಕೀಮಾ ಡಾಟ್ ಆರ್ಗ್‌ನ ಶಬ್ದಪಟ್ಟಿಯಲ್ಲಿ ರದ್ದಾದದ್ದು, ಮುಂದೂಡಿದ್ದು, ಹೊಸ ದಿನ ನಿಗದಿಯಾದದ್ದು ಎಂಬ ಮೂರಕ್ಕೂ ಬೇರೆಬೇರೆ ಸ್ಥಿತಿಗಳಿವೆ; ಹಿಂದಿನ ದಿನಾಂಕವನ್ನು ಬರೆದಿಡಲು ಪ್ರತ್ಯೇಕ ಜಾಗವೂ ಇದೆ. ರದ್ದಾದ ಕಾರ್ಯಕ್ರಮದ ಮೂಲ ದಿನಾಂಕವನ್ನು ತೆಗೆಯಬೇಡಿ ಎಂದು ಗೂಗಲ್‌ನ ಮಾರ್ಗಸೂಚಿಯೇ ಹೇಳುತ್ತದೆ. ಅಳಿಸಿದರೆ ಈ ಯಾವುದನ್ನೂ ಹೇಳಲು ನಿಮಗೆ ಪುಟವೇ ಉಳಿಯುವುದಿಲ್ಲ.

ಇಷ್ಟು ಮಾಡಿದರೂ ಎಲ್ಲರಿಗೂ ಸುದ್ದಿ ತಲುಪಿತೆಂದು ತಿಳಿಯಬೇಡಿ. ಫೈಲ್ ಇಳಿಸಿಕೊಂಡವರ ಪ್ರತಿ ಮತ್ತೆಂದೂ ನಿಮ್ಮ ಸರ್ವರ್ ಕಡೆ ತಿರುಗಿ ನೋಡುವುದಿಲ್ಲ. ಅವರಾಗಿಯೇ ಇನ್ನೊಮ್ಮೆ ಇಳಿಸಿಕೊಂಡರೆ ಮಾತ್ರ ತಿದ್ದುಪಡಿ ಅವರನ್ನು ಸೇರುತ್ತದೆ. ಕ್ಯಾಲೆಂಡರ್‌ಗೆ ಚಂದಾದಾರರಾದವರ ಆ್ಯಪ್ ಆಗಾಗ ಬಂದು ನೋಡುತ್ತದೆ. ಆದರೆ ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ತೀರ್ಮಾನಿಸುವುದು ಆ ಆ್ಯಪ್, ನೀವಲ್ಲ. ಹಲವು ಗಂಟೆ ಹಿಡಿಯುವುದು ಮಾಮೂಲು. ಇಷ್ಟು ಹೊತ್ತಿಗೊಮ್ಮೆ ಬಂದು ನೋಡು ಎಂದು ಹೇಳುವ ಸೂಚನೆಯೊಂದು 2016ರ ಆರ್‌ಎಫ್‌ಸಿ 7986ರಲ್ಲಿ ಸೇರಿತು. ಅದು ಸಲಹೆ ಮಾತ್ರ, ಆಜ್ಞೆಯಲ್ಲ. ಆದ್ದರಿಂದ ‘ನಿಮ್ಮ ಬದಲಾವಣೆಯನ್ನು ಎಲ್ಲರ ಮೊಬೈಲಿಗೂ ಆ ಕ್ಷಣವೇ ಸಿಂಕ್ ಮಾಡಿಕೊಡುತ್ತೇವೆ’ ಎಂದು ಹಣ ಕೇಳುವ ಸಲಹೆಗಾರರನ್ನು ಬಾಗಿಲಲ್ಲೇ ನಿಲ್ಲಿಸಿ. ಅವರಿಗೆ ಈ ವ್ಯವಸ್ಥೆ ತಿಳಿದಿಲ್ಲ, ಇಲ್ಲವೇ ತಿಳಿದೂ ಸುಳ್ಳು ಹೇಳುತ್ತಿದ್ದಾರೆ. ಇಂದು ಸಂಜೆಯ ಕಾರ್ಯಕ್ರಮ ಇಂದು ಬೆಳಿಗ್ಗೆ ರದ್ದಾದರೆ ನೋಂದಾಯಿಸಿಕೊಂಡವರಿಗೆ ಇಮೇಲ್ ಮತ್ತು ಎಸ್‌ಎಂಎಸ್ ಕಳಿಸಿ, ಸಭಾಂಗಣದ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಬೇರೆ ದಾರಿಯಿಲ್ಲ.

ನಾನು ನೋಡಿಕೊಳ್ಳುವ ತಾಣಗಳಲ್ಲಿ ಸಂಪಾದಕರಿಗೆ ಪ್ರಕಟವಾದ ಕಾರ್ಯಕ್ರಮವನ್ನು ಅಳಿಸುವ ಅಧಿಕಾರವನ್ನೇ ಕೊಟ್ಟಿಲ್ಲ. ಇದು ಅತಿಯಾಯಿತು ಎಂದು ಗೊಣಗುವವರಿದ್ದಾರೆ. ಗೊಣಗಲಿ.

ಪ್ರಶ್ನೆ: ಎಲ್ಲ ಸಮಯವನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯಕ್ಕೆ) ಬದಲಿಸಿ ಸಂಗ್ರಹಿಸಿದರೆ ಕಾಲವಲಯದ ತೊಂದರೆಯೇ ಇರುವುದಿಲ್ಲ ಎಂದು ನಮ್ಮ ಡೆವಲಪರ್ ಹೇಳುತ್ತಾರೆ. ಸರಿಯೇ?

ನಡೆದುಹೋದ ಸಂಗತಿಗಳಿಗೆ ಸರಿ. ನಡೆಯಬೇಕಾದವುಗಳಿಗೆ ಇದೊಂದು ಹಟಮಾರಿ ಮೂಢನಂಬಿಕೆ. ‘ಬೆಳಿಗ್ಗೆ ಹತ್ತಕ್ಕೆ’ ಎಂದು ಸಂಘಟಕರು ಹೇಳಿದಾಗ ಅದು ಆ ಊರಿನ ಗೋಡೆ ಗಡಿಯಾರದ ಹತ್ತು. ಅದಕ್ಕೂ ಯುಟಿಸಿಗೂ ಇರುವ ಅಂತರವನ್ನು ನಿಗದಿ ಮಾಡುವವು ಸರ್ಕಾರಗಳು. ಅವು ಮನಸ್ಸು ಬದಲಿಸುತ್ತವೆ. ಮೆಕ್ಸಿಕೊ 2022ರ ಅಕ್ಟೋಬರ್‌ನಲ್ಲಿ ದೇಶದ ಬಹುಭಾಗದಲ್ಲಿ ಬೇಸಿಗೆ ಸಮಯವನ್ನು, ಅಂದರೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು, ಕೈಬಿಟ್ಟಿತು. ಅದಕ್ಕೆ ಮೊದಲು ಯಾರಾದರೂ ಮೆಕ್ಸಿಕೊ ಸಿಟಿಯಲ್ಲಿ 2023ರ ಜೂನ್‌ನ ಸಭೆಯೊಂದನ್ನು ಬೆಳಿಗ್ಗೆ ಹತ್ತಕ್ಕೆ ನಿಗದಿಪಡಿಸಿ, 15:00 ಯುಟಿಸಿ ಎಂದು ಮಾತ್ರ ಉಳಿಸಿಟ್ಟಿದ್ದರೆ, ಕ್ಯಾಲೆಂಡರ್ ಆಮೇಲೆ ಒಂಬತ್ತು ಎಂದು ತೋರಿಸುತ್ತಿತ್ತು. ಸ್ಥಳೀಯ ಸಮಯವನ್ನೂ ಕಾಲವಲಯದ ಪೂರ್ತಿ ಹೆಸರನ್ನೂ, ಅಂದರೆ ‘ಅಮೆರಿಕ/ಮೆಕ್ಸಿಕೊ ಸಿಟಿ’ ಎಂಬಂಥದ್ದನ್ನು, ಉಳಿಸಿಡಬೇಕು. ಯುಟಿಸಿ ಬೇಕಾದರೆ ಪಕ್ಕದಲ್ಲಿರಲಿ, ಲೆಕ್ಕ ಹಾಕಿ ಪಡೆದ ಮೌಲ್ಯವಾಗಿ. ‘ಯುಟಿಸಿ ಮೈನಸ್ ಆರು’ ಎಂಬುದು ಅಂತರ, ವಲಯವಲ್ಲ. ಐಎಸ್‌ಟಿಯಂಥ ಸಂಕ್ಷೇಪಗಳನ್ನೂ ಬಿಡಿ. ಭಾರತ, ಇಸ್ರೇಲ್, ಐರ್ಲೆಂಡ್ ಮೂರೂ ಅದನ್ನು ಬಳಸುತ್ತವೆ.

ಪ್ರಶ್ನೆ: ಹತ್ತನೇ ತಾರೀಖಿನಿಂದ ಹನ್ನೆರಡರವರೆಗಿನ ಮೂರು ದಿನಗಳ ಶಿಬಿರ ಮೊಬೈಲಿನಲ್ಲಿ ಎರಡೇ ದಿನ ಕಾಣುತ್ತದೆ.

ಇಡೀ ದಿನದ ಕಾರ್ಯಕ್ರಮಗಳಲ್ಲಿ ಮುಕ್ತಾಯದ ದಿನಾಂಕ ಲೆಕ್ಕಕ್ಕೆ ಸೇರುವುದಿಲ್ಲ. ಫೈಲಿನಲ್ಲಿ 13 ಎಂದಿರಬೇಕು. ಅದನ್ನು ಸರಿಪಡಿಸಬೇಕಾದವರು ಪ್ಲಗಿನ್ ಬರೆದವರು. ನೀವು ಪುಟದಲ್ಲಿ 13 ಎಂದು ಬರೆದು ಹೊಸ ಗೊಂದಲ ಎಬ್ಬಿಸಬೇಡಿ.

ಪ್ರಶ್ನೆ: ತಿಂಗಳ ಕೊನೆಯ ದಿನ ಸಭೆ. ‘ಪ್ರತಿ ತಿಂಗಳ 31’ ಎಂದು ಪುನರಾವರ್ತನೆ ಹಾಕಿದರೆ ಕೆಲವು ತಿಂಗಳು ಕಾಣೆಯಾಗುತ್ತವೆ.

31 ಇಲ್ಲದ ತಿಂಗಳುಗಳಲ್ಲಿ ಇನ್ನೇನಾಗಬೇಕಿತ್ತು? ಇಲ್ಲದ ದಿನಾಂಕವನ್ನು ಬಿಟ್ಟು ಮುಂದೆ ಹೋಗುವುದೇ ನಿಯಮ. ‘ತಿಂಗಳ ಕೊನೆಯ ದಿನ’ ಎಂಬ ಆಯ್ಕೆ ಹಲವು ತಂತ್ರಾಂಶಗಳಲ್ಲಿ ಬೇರೆಯೇ ಇರುತ್ತದೆ, ಅದನ್ನು ಹಿಡಿಯಿರಿ. ಪುನರಾವರ್ತನೆಗೆ ಕೊನೆಯ ದಿನಾಂಕವನ್ನೂ ಕೊಡಿ. ನಾನು ಒಂದು ವರ್ಷಕ್ಕಿಂತ ಆಚೆಗೆ ಬಿಡುವುದಿಲ್ಲ. ಮುಚ್ಚಿಹೋದ ಸಂಘಗಳ ಮಾಸಿಕ ಸಭೆಗಳು ಕ್ಯಾಲೆಂಡರ್‌ಗಳಲ್ಲಿ ಇಂದಿಗೂ ತಪ್ಪದೆ ನಡೆಯುತ್ತಿರುವುದನ್ನು ಕಂಡು ಬಂದ ಎಚ್ಚರಿಕೆ ಇದು.

ಪ್ರಶ್ನೆ: ಕಳೆದ ವರ್ಷದ ಉತ್ಸವದ ನಮೂದಿಗೆ ಈ ವರ್ಷದ ದಿನಾಂಕ ಹಾಕಿದರೆ ಸಾಕಲ್ಲವೇ?

ಸಾಲದು. ಮುಂದೂಡಿದ್ದಕ್ಕೆ ಅದೇ ನಮೂದು, ಮುಂದಿನ ವರ್ಷದ್ದಕ್ಕೆ ಹೊಸ ನಮೂದು.

ಪ್ರಶ್ನೆ: ಮುಂದಿನ ಇಪ್ಪತ್ತು ವರ್ಷಗಳ ತಿಂಗಳ ಪುಟಗಳನ್ನು ಈಗಲೇ ತೆರೆದಿಟ್ಟರೆ ಹುಡುಕಾಟದಲ್ಲಿ ಮೇಲೆ ಬರುತ್ತೇವೆ ಎಂದು ಒಬ್ಬ ಎಸ್‌ಇಒ ತಜ್ಞರು ಹೇಳಿದ್ದಾರೆ.

ಆ ತಜ್ಞರಿಗೆ ಕೊಟ್ಟ ಮುಂಗಡವನ್ನು ವಾಪಸು ಕೇಳಿ. ‘ಮುಂದಿನ ತಿಂಗಳು’ ಎಂಬ ಕೊಂಡಿ ಕೊನೆಯೇ ಇಲ್ಲದಂತೆ ಸಾಗಿದರೆ ಹುಡುಕುತಾಣದ ಬಾಟ್‌ಗಳು ಖಾಲಿ ತಿಂಗಳುಗಳನ್ನೇ ತೆರೆಯುತ್ತಾ ಹೋಗುತ್ತವೆ. ನಿಮ್ಮ ಸರ್ವರ್ ಬಳಲುತ್ತದೆ, ನಾಳೆಯ ಕಾರ್ಯಕ್ರಮದ ಪುಟ ಸರದಿಯಲ್ಲಿ ಹಿಂದೆ ಉಳಿಯುತ್ತದೆ. ಕೊನೆಯ ಕಾರ್ಯಕ್ರಮವಿರುವ ತಿಂಗಳಿಗೇ ಆ ಕೊಂಡಿ ನಿಲ್ಲಲಿ.

ಪ್ರಶ್ನೆ: ತಿಂಗಳಿಗೆ ಎರಡೇ ಕಾರ್ಯಕ್ರಮ. ಕ್ಯಾಲೆಂಡರ್ ಖಾಲಿ ಖಾಲಿ ಕಾಣುತ್ತದೆ. ಬೇರೆ ಸಂಸ್ಥೆಗಳ ಕಾರ್ಯಕ್ರಮಗಳನ್ನು ತಂತಾನೇ ತುಂಬಿಸಬಹುದೇ?

ಬೇಡ. ಅವರು ರದ್ದುಪಡಿಸಿದಾಗ ಬೈಗುಳ ನಿಮಗೆ ಬರುತ್ತದೆ. ತಿಂಗಳ ಚೌಕಗಳನ್ನು ತೆಗೆದು ಪಟ್ಟಿಯ ನೋಟಕ್ಕೆ ಬದಲಿಸಿ. ಎರಡು ಕಾರ್ಯಕ್ರಮಕ್ಕೆ ಎರಡು ಸಾಲು.