ಬೀಚ್‌ಗೆ ಮರಳು ತುಂಬುವ ಟೆಂಡರ್‌ಗೆ ಒಬ್ಬಿಬ್ಬರೇ ಯಾಕೆ ಬರುತ್ತಾರೆ, ರೇಟು ಯಾಕೆ ಏರುತ್ತಲೇ ಇರುತ್ತದೆ?

ಕಡಲ್ಕೊರೆತಕ್ಕೆ ಸಿಕ್ಕ ಬೀಚ್‌ಗೆ ಮರಳು ತುಂಬುವ ಕೆಲಸದ ಖರ್ಚು ಪ್ರತಿ ಸಲ ಏರುತ್ತದೆ, ಟೆಂಡರ್ ಹಾಕುವವರು ಮಾತ್ರ ಒಬ್ಬಿಬ್ಬರೇ, ಇದು ಕಾಂಟ್ರಾಕ್ಟರ್‌ಗಳ ಒಳಒಪ್ಪಂದವಾ ಎಂದು ಕೇಳಿದ್ದೀರಿ. ಅಮೆರಿಕದಲ್ಲೂ ಹೀಗೇನಾ ಎಂದೂ ಕೇಳಿದ್ದೀರಿ.

ಮಂಡ್ಯದವನಿಗೆ ಸಮುದ್ರದ ಸಹವಾಸ ಯಾಕೆ ಅನ್ನಬೇಡಿ. ನಾನು ಇಲ್ಲಿ ನಾಲೆ, ಕೆರೆ ಕೆಲಸಗಳ ಟೆಂಡರ್‌ಗೆ ರೇಟು ಕಟ್ಟುವವನು. ಕರಾವಳಿ ಕೆಲಸದ ಟೆಂಡರ್ ದಾಖಲೆಗಳನ್ನೂ ಓದಿದ್ದೇನೆ. ಹಾಕುವ ಧೈರ್ಯ ಮಾತ್ರ ಬಂದಿಲ್ಲ. ಯಾಕೆ ಬಂದಿಲ್ಲ ಎಂದು ಹೇಳಿದರೆ ನಿಮಗೆ ಅರ್ಧ ಉತ್ತರ ಸಿಕ್ಕಂತೆ.

ಮದ್ದೂರು ಕಡೆ ಒಂದು ಕೆರೆ ಹೂಳೆತ್ತಲು ಎರಡು ಇಟಾಚಿ, ಒಂದಷ್ಟು ಟಿಪ್ಪರ್ ಸಾಕು. ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಹಾಗಾಗಿ ಜನ ಮುಗಿಬೀಳುತ್ತಾರೆ, ಎಸ್.ಆರ್. ರೇಟಿಗಿಂತ, ಅಂದರೆ ಸರ್ಕಾರದ ದರಪಟ್ಟಿಗಿಂತ, ಎಷ್ಟೋ ಕಡಿಮೆಗೆ ಹಾಕುತ್ತಾರೆ. (ಆ ಕೆಲಸ ಆಮೇಲೆ ಹೇಗಾಗುತ್ತದೆ ಅನ್ನೋದು ಬೇರೆ ಕಥೆ.) ಬೀಚ್‌ಗೆ ಹಾಗಲ್ಲ. ಸಮುದ್ರದ ತಳದ ಮರಳನ್ನು ನೀರಿನ ಜೊತೆ ಹೀರಿ, ಪೈಪಿನಲ್ಲಿ ದಡಕ್ಕೆ ತಳ್ಳುವ ಡ್ರೆಡ್ಜರ್ ಹಡಗು ಬೇಕು. ಅಂಥ ಹಡಗು ಇರುವ ಕಂಪನಿಗಳು ಬೆರಳೆಣಿಕೆಯಷ್ಟು. ಅವರಿಗೆ ಬಂದರುಗಳ ಹೂಳೆತ್ತುವ ದೊಡ್ಡ ಕೆಲಸಗಳೇ ಬೇಕಾದಷ್ಟಿವೆ.

ಹಡಗು, ಪೈಪು, ಟಗ್ಗು ಎಲ್ಲವನ್ನೂ ತಂದು ನಿಲ್ಲಿಸಿ ಮತ್ತೆ ವಾಪಸ್ ಒಯ್ಯುವ ಖರ್ಚಿಗೆ ಮೊಬಿಲೈಸೇಷನ್ ಅನ್ನುತ್ತಾರೆ. ಬೀಚ್ ಚಿಕ್ಕದಾದರೆ ಈ ಖರ್ಚು ಚಿಕ್ಕದಾಗಲ್ಲ. ಸುಮ್ನೆ ಲೆಕ್ಕಕ್ಕೆ ಅದನ್ನು 10 ಕೋಟಿ ಅಂದುಕೊಳ್ಳಿ. 10 ಲಕ್ಷ ಘನ ಮೀಟರ್ ಮರಳು ತುಂಬಿದರೆ ಘನ ಮೀಟರ್‌ಗೆ 100 ರೂಪಾಯಿ. 1 ಲಕ್ಷವೇ ತುಂಬಿದರೆ 1,000 ರೂಪಾಯಿ. ಮರಳು ಎತ್ತುವ ಮೊದಲೇ ಇಷ್ಟು!

ಇನ್ನು ಕಾಲ. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಮಾಡೋಕೆ ಆಗಲ್ಲ. ನಮಗೂ ವಿ.ಸಿ. ನಾಲೆಯಲ್ಲಿ ನೀರು ನಿಲ್ಲಿಸಿದಾಗಲೇ ಕೆಲಸ, ನಿಜ. ಆದರೆ ನೀರು ಬಿಟ್ಟರೆ ನಮ್ಮ ಇಟಾಚಿ ಬೇರೆ ಕಡೆ ಹೋಗುತ್ತದೆ. ನಿಂತ ಡ್ರೆಡ್ಜರ್ ಸಿಬ್ಬಂದಿ ಸಂಬಳ, ಬಾಡಿಗೆ, ವಿಮೆ ಎಂದು ದಿನಾ ದುಡ್ಡು ತಿನ್ನುತ್ತಲೇ ಇರುತ್ತದೆ. ವರ್ಕ್ ಆರ್ಡರ್ ಫೆಬ್ರುವರಿಯಲ್ಲಿ ಕೈಗೆ ಬಂದರೆ ಆ ಸೀಸನ್ ಹೋದಂತೆಯೇ. ಕಾಂಟ್ರಾಕ್ಟರ್ ಈ ಭಯವನ್ನೂ ರೇಟಿನೊಳಗೆ ಸೇರಿಸುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಸೇರಿಸುತ್ತಿದ್ದೆ.

ಎಲ್ಲಕ್ಕಿಂತ ದುಬಾರಿ ಅಂದರೆ ತಡ. ಸರ್ವೆ ಮಾಡಿ ಅಂದಾಜು ಬರೆದ ಮೇಲೆ ಸಿ.ಆರ್.ಝೆಡ್. (ಕರಾವಳಿ ನಿಯಂತ್ರಣ ವಲಯ) ಅನುಮತಿ, ಹಣಕಾಸು ಒಪ್ಪಿಗೆ ಎಂದು ವರ್ಷಗಳು ಉರುಳುತ್ತವೆ. ಅಷ್ಟರಲ್ಲಿ ಸಮುದ್ರ ಇನ್ನಷ್ಟು ಕೊರೆದಿರುತ್ತದೆ. ರೇಟೂ ಹಳೆಯದು, ಪ್ರಮಾಣವೂ ಹಳೆಯದು. ಮಂಗಳೂರು ಪಕ್ಕದ ಉಳ್ಳಾಲವನ್ನು ರಕ್ಷಿಸಲು ಎ.ಡಿ.ಬಿ. (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಸಾಲದ ಯೋಜನೆ ಬಂತಲ್ವಾ, ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2010ರಲ್ಲಿ. ಕರ್ನಾಟಕಕ್ಕೆ ಎರಡನೇ ಕಂತಿನ 6.55 ಕೋಟಿ ಡಾಲರ್ ಸಾಲಕ್ಕೆ ಸಹಿಯಾಗಿದ್ದು 2017ರಲ್ಲಿ. ಈ ನಡುವೆ ಡಾಲರ್ ಸುಮಾರು 45 ರೂಪಾಯಿಯಿಂದ 65ರ ಹತ್ತಿರ ಬಂತು. ಹೊರದೇಶದ ಹಡಗು, ಬಿಡಿಭಾಗ ಬಳಸುವವನಿಗೆ ಇದು ನೇರ ಹೊಡೆತ. ಡೀಸೆಲ್ ಏರಿಕೆ ಬೇರೆ. 2022ರ ಜುಲೈನಲ್ಲಿ ಸರ್ಕಾರಿ ಕಾಮಗಾರಿಗಳ ಜಿ.ಎಸ್.ಟಿ. ಕೂಡ ಶೇ 12ರಿಂದ 18ಕ್ಕೆ ಹೋಯಿತು.

ಅಮೆರಿಕದಲ್ಲೂ ಇದೇ ಗೋಳು. ಅಲ್ಲಿನ 1906ರ ಕಾನೂನಿನ ಪ್ರಕಾರ ಹೊರದೇಶದಲ್ಲಿ ಕಟ್ಟಿದ ಡ್ರೆಡ್ಜರ್ ಅವರ ನೀರಿನಲ್ಲಿ ಕೆಲಸ ಮಾಡುವಂತಿಲ್ಲ. ಸಹಜವಾಗಿ ಪೈಪೋಟಿ ಕಡಿಮೆ. ಸರ್ಕಾರದ ಅಂದಾಜಿಗಿಂತ ಶೇ 25ಕ್ಕೂ ಹೆಚ್ಚು ಬಿಡ್ ಬಂದರೆ ಕೆಲಸ ಕೊಡಬಾರದು ಎಂಬ ನಿಯಮವೂ ಇದೆ.

ಒಳಒಪ್ಪಂದ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ನನ್ನ ಅನುಮಾನ ಮರಳಿಗಿಂತ ದಡಕ್ಕೆ ಕಲ್ಲು ಹಾಕುವ ಕೆಲಸದ ಮೇಲೆ ಜಾಸ್ತಿ. ಮರಳನ್ನು ಕೆಲಸದ ಮೊದಲು ಮತ್ತು ಆಮೇಲೆ ಸರ್ವೆ ಮಾಡಿ ಅಳೆಯಬಹುದು. ಹಾಕಿದ ಕಲ್ಲು ಮರಳಿನಲ್ಲಿ ಹೂತುಹೋಯಿತು ಅಂದರೆ ಅಗೆದು ಎಣಿಸುವವರು ಯಾರು?

ರೇಟು ಜಾಸ್ತಿ ಬಂತು ಎಂದು ಟೆಂಡರ್ ರದ್ದು ಮಾಡಿ ಮತ್ತೆ ಕರೆಯುವುದು ಸುಲಭ. ಷರತ್ತು ಬದಲಾಗದಿದ್ದರೆ ಮತ್ತೆ ಬರುವವರು ಅವರೇ, ನಡುವೆ ಒಂದು ಮಳೆಗಾಲ ಬೇರೆ ಕಳೆದಿರುತ್ತದೆ. ಅದರ ಬದಲು ಅಕ್ಕಪಕ್ಕದ ಮೂರ್ನಾಲ್ಕು ಬೀಚ್‌ಗಳನ್ನು ಒಂದೇ ಪ್ಯಾಕೇಜ್ ಮಾಡಲಿ. ಡೀಸೆಲ್ ದರ ಬದಲಾದರೆ ಬಿಲ್ಲೂ ಬದಲಾಗುವ ಷರತ್ತು ಇಡಲಿ. ಅಳಿವೆಯಲ್ಲಿ, ಬಂದರಿನಲ್ಲಿ ಹೂಳೆತ್ತುವಾಗ ಸಿಗುವ ಮರಳಿನ ಕಣ ಬೀಚ್‌ನ ಮರಳಿಗೆ ಹೊಂದಿದರೆ ಅದನ್ನೇ ತುಂಬಲಿ. ಹಡಗು ಹೇಗೂ ಅಲ್ಲೇ ಇರುತ್ತದೆ. ಸಣ್ಣ ಕಣದ ಮರಳು ಮಾತ್ರ ಬೇಡ, ಅಲೆ ಬೇಗ ಎಳೆದೊಯ್ಯುತ್ತದೆ.

ನಿಮ್ಮೂರಿನ ಟೆಂಡರ್ ದಾಖಲೆ ರಾಜ್ಯ ಸರ್ಕಾರದ ಟೆಂಡರ್ ತಾಣವಾದ ಕೆ.ಪಿ.ಪಿ.ಪಿ. ಪೋರ್ಟಲ್‌ನಲ್ಲಿ ಸಿಕ್ಕರೆ ಒಟ್ಟು ಮೊತ್ತ ನೋಡುವ ಮೊದಲು ಮೂರು ವಿಷಯ ನೋಡಿ: ಸರ್ವೆ ಯಾವ ವರ್ಷದ್ದು, ಮೊಬಿಲೈಸೇಷನ್‌ಗೆ ಬೇರೆ ಐಟಂ ಇದೆಯಾ, ಕೆಲಸ ಶುರುವಾಗಬೇಕಾದ ತಿಂಗಳು ಯಾವುದು.