ಬೆಂಗಳೂರಿನಲ್ಲಿದ್ದುಕೊಂಡು ಪುಣೆಯಲ್ಲಿ ಬಾಡಿಗೆಗೆ ಕೊಡಲು ಫ್ಲ್ಯಾಟ್ ಕೊಳ್ಳುವಾಗ ಮೋಸ ಹೋಗದಿರುವುದು ಹೇಗೆ?

ಏಜೆಂಟ್ ಹೇಳುವ ಬಾಡಿಗೆಯನ್ನು ಸುಮ್ನೆ ನಂಬಬೇಡಿ. ನಾನು ಪುಣೆಯಲ್ಲೇ ಇದ್ದೇನೆ. ಹುಬ್ಬಳ್ಳಿಯ ನಮ್ಮ ಭಾವನಿಗಾಗಿ ವಾಘೋಲಿಯಲ್ಲಿ ಒಂದು ಫ್ಲ್ಯಾಟ್ ನೋಡಲು ಹೋಗಿದ್ದೆ. ಫೋಟೋದಲ್ಲಿ ಚೆನ್ನಾಗಿತ್ತು. ಬೆಳಿಗ್ಗೆ ಏಳಕ್ಕೆ ಹೋದರೆ ಗೇಟಿನ ಮುಂದೆ ನೀರಿನ ಟ್ಯಾಂಕರ್‌ಗಳ ಸಾಲು. ಆ ಖರ್ಚು ಮೇಂಟೆನೆನ್ಸ್‌ಗೇ ಬೀಳುತ್ತದೆ, ಅಲ್ವಾ? ಪಕ್ಕದ ಮನೆಯ ಬಾಡಿಗೆದಾರರನ್ನು ಕೇಳಿದೆ. ಅವರು ಕೊಡುತ್ತಿದ್ದದ್ದು ಏಜೆಂಟ್ ಹೇಳಿದ್ದಕ್ಕಿಂತ ನಾಲ್ಕು ಸಾವಿರ ಕಡಿಮೆ. ಕೈಬಿಟ್ಟೆವು.

ದಯವಿಟ್ಟು ಬೇಸಿಗೆಯಲ್ಲಿ ಒಮ್ಮೆ ನೀವೇ ಬಂದು ನೋಡಿ. ಹೊಸ ಕಟ್ಟಡವಾದರೆ ಮಹಾರೇರಾ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟ್‌ನಲ್ಲಿ ನೋಂದಣಿ ಹುಡುಕಿ. ಹಳೆಯದಾದರೆ ಇಂಡೆಕ್ಸ್ 2 (ನೋಂದಣಿಯಾದ ಮಾರಾಟದ ವಿವರಗಳಿರುವ ಸರ್ಕಾರಿ ದಾಖಲೆ) ಮತ್ತು ಸೊಸೈಟಿಯಿಂದ (ಫ್ಲ್ಯಾಟ್ ಮಾಲೀಕರ ಸಂಘ) ಬಾಕಿ ಇಲ್ಲ ಎಂಬ ಪತ್ರ ಕೇಳಿ. ಬಾಡಿಗೆಗೆ ಕೊಟ್ಟಾಗ ಸೊಸೈಟಿ ನಾನ್ ಆಕ್ಯುಪೆನ್ಸಿ ಶುಲ್ಕ, ಅಂದರೆ ಮಾಲೀಕರು ಅಲ್ಲಿ ವಾಸಿಸದಿರುವುದಕ್ಕೆ ಶುಲ್ಕ, ಹಾಕುತ್ತದೆ. ಸರ್ವಿಸ್ ಚಾರ್ಜ್‌ನ ಶೇ. 10ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಲೀವ್ ಅಂಡ್ ಲೈಸೆನ್ಸ್ ಕರಾರನ್ನು (ಅಲ್ಲಿ ಮನೆ ಬಾಡಿಗೆಗೆ ಮಾಡಿಕೊಳ್ಳುವ ಒಪ್ಪಂದ) ನೋಂದಾಯಿಸಲೇಬೇಕು. ಅದು ಮಾಲೀಕರ ಹೊಣೆ, ಅಂದರೆ ನಿಮ್ಮದು.